ಠೇವಣಿ ಎಂದು ಹೇಳಿ ವಿಮೆ ಅಂಟಿಸುತ್ತಾರೆ, ನಿವೃತ್ತರು ಎಚ್ಚರದಿಂದಿರಿ

ನಿವೃತ್ತಿಯ ಹಣ ಖಾತೆಗೆ ಜಮೆಯಾದ ಬೆನ್ನಿಗೇ ಬ್ಯಾಂಕಿನಿಂದ ಫೋನ್ ಬಂದರೆ ಅದನ್ನು ಕಾಳಜಿ ಎಂದು ದಯವಿಟ್ಟು ಯಾರೂ ತಿಳಿಯಬೇಡಿ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿಕೊಂಡು ಬಂದ ನನಗೇ ಹತ್ತು ವರ್ಷ ಕಟ್ಟಬೇಕಾದ ಕಂತನ್ನು ಒಂದೇ ಸಲದ ಠೇವಣಿ ಎಂದು ನಂಬಿಸಿದರು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನನ್ನ ಸಹೋದ್ಯೋಗಿಗಳಲ್ಲಿ ಅನೇಕರ ಖಾತೆಗಳು ಅದೇ ಶಾಖೆಯಲ್ಲಿವೆ.

ನಾನು ಕೇಳಿದ್ದು ನಿಶ್ಚಿತ ಠೇವಣಿ, ಹಿರಿಯ ನಾಗರಿಕರಿಗೆ ಸಿಗುವ ಹೆಚ್ಚಿನ ಬಡ್ಡಿಯೊಂದಿಗೆ. ಅಷ್ಟೇ. "ಎಫ್‌ಡಿಗಿಂತ ಒಳ್ಳೆಯದಿದೆ ಅಮ್ಮಾ, ನಾನು ನಿಮ್ಮ ಮಗನಿದ್ದ ಹಾಗೆ" ಎಂದು ಮಾತು ತೆಗೆದ ಬ್ಯಾಂಕಿನ ಆ ಯುವಕ ಶಾಖೆಯ ಹೊಸ್ತಿಲಿನಲ್ಲಿ ನಿಲ್ಲಲಿಲ್ಲ. ರಾತ್ರಿ ಊಟದ ಹೊತ್ತಿಗೆ ವಾಟ್ಸಾಪ್ ಸಂದೇಶ, ಭಾನುವಾರ ಹೇಳದೆ ಕೇಳದೆ ಮನೆಗೇ ಬರುವುದು, ಬಂದರೆ ಸಹಿಯಾಗುವವರೆಗೆ ಏಳದಿರುವುದು. ಸಾಲದ್ದಕ್ಕೆ, ನಾಮಿನಿ ಎಂದು ದಾಖಲೆಯಲ್ಲಿ ಹೆಸರಿದ್ದ ನನ್ನ ಮಗಳ ನಂಬರನ್ನು ಎಲ್ಲಿಂದಲೋ ಹುಡುಕಿ, ಪುಣೆಯಲ್ಲಿರುವ ಅವಳಿಗೆ "ಅಮ್ಮನಿಗೆ ನೀವಾದರೂ ಬುದ್ಧಿ ಹೇಳಿ, ಇಷ್ಟು ಹಣ ಸುಮ್ಮನೆ ಬಿದ್ದಿದೆ" ಎಂದು ಮೊತ್ತದ ಸಮೇತ ಹೇಳಿದ್ದಾನೆ. ನನ್ನ ಖಾತೆಯಲ್ಲಿರುವ ಹಣದ ಲೆಕ್ಕವನ್ನು ಊರಿಗೆಲ್ಲ ಸಾರಲು ಇವನಿಗೆ ಅಧಿಕಾರ ಕೊಟ್ಟವರು ಯಾರು?

ಕೊನೆಗೆ ಟ್ಯಾಬ್‌ನಲ್ಲಿ ಏನೇನೋ ತುಂಬಿ ಓಟಿಪಿ ಕೇಳಿದ. "ಕಂಪನಿಯಿಂದ ಫೋನ್ ಬರುತ್ತದೆ, ಎಲ್ಲದಕ್ಕೂ ಹೌದು ಎನ್ನಿ, ಬರೀ ಫಾರ್ಮಾಲಿಟಿ" ಎಂದ.

ವಿಮಾ ಪಾಲಿಸಿಯ ಬಾಂಡ್ ಮನೆಗೆ ಬಂದ ದಿನ ಅದನ್ನು ಓದಿ ಕೈಕಾಲು ತಣ್ಣಗಾದವು. ವಾರ್ಷಿಕ ಕಂತು 3 ಲಕ್ಷ ರೂಪಾಯಿ, ಕಂತು ಕಟ್ಟುವ ಅವಧಿ 10 ವರ್ಷ! ಪಿಂಚಣಿಯಲ್ಲಿ ಬದುಕುವವಳು ಅಷ್ಟನ್ನು ಎಲ್ಲಿಂದ ತರಲಿ? ಜೊತೆಗಿದ್ದ ಅರ್ಜಿಯ ಪ್ರತಿಯಲ್ಲಿ ನನ್ನ ವೃತ್ತಿ ವ್ಯಾಪಾರ, ಆದಾಯ ವರ್ಷಕ್ಕೆ 15 ಲಕ್ಷ. ಒಂದು ಬೆಂಕಿಪೊಟ್ಟಣವನ್ನೂ ಮಾರಿದವಳಲ್ಲ ನಾನು.

ಫೋನ್ ಮಾಡಿ ಕೇಳಿದರೆ "ಸಿಸ್ಟಮ್‌ನಲ್ಲಿ ಹಾಗೇ ಬರುತ್ತದೆ ಅಮ್ಮಾ, ನೀವು ಕಟ್ಟಬೇಕಾಗಿಲ್ಲ" ಎಂದ. ವ್ಯವಸ್ಥಾಪಕರನ್ನು ಕೇಳಿದರೆ "ಓಟಿಪಿ ಕೊಟ್ಟವರು ನೀವೇ ಅಲ್ಲವೇ ಮೇಡಂ, ಓದಿದವರು ನೀವು" ಎಂದರು. ಮತ್ತೆ ಆ ಯುವಕನದೇ ಫೋನ್: "ಮಾರ್ಚ್ ತಿಂಗಳೊಂದು ಕಳೆಯಲಿ, ಏಪ್ರಿಲ್‌ನಲ್ಲಿ ನಾನೇ ಕ್ಯಾನ್ಸಲ್ ಮಾಡಿಸುತ್ತೇನೆ." ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಈ ಮಾತಿಗೆ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐನ 2024ರ ನಿಯಮದಂತೆ ಪಾಲಿಸಿ ದಾಖಲೆ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸಬಹುದು. ಏಪ್ರಿಲ್‌ವರೆಗೆ ಕಾದಿದ್ದರೆ ಆ ಗಡುವು ಮುಗಿದುಹೋಗುತ್ತಿತ್ತು, ಅವನ ಮಾರಾಟದ ಟಾರ್ಗೆಟ್ ಮಾತ್ರ ಭದ್ರವಾಗಿರುತ್ತಿತ್ತು. ಇದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಅಮ್ಮಾ ಅಮ್ಮಾ ಎನ್ನುತ್ತಿದ್ದ.

ಆದ್ದರಿಂದ ಬಾಯಿಮಾತಿನ ಭರವಸೆಗೆ ಕಾಯಬೇಡಿ. ಬ್ಯಾಂಕ್ ಇಲ್ಲಿ ವಿಮಾ ಕಂಪನಿಯ ಏಜೆಂಟ್ ಮಾತ್ರ, ಅದಕ್ಕೆ ಕಮಿಷನ್ ಇದೆ. ಪಾಲಿಸಿ ರದ್ದು ಮಾಡಿ ಎಂಬ ಪತ್ರವನ್ನು ನೇರವಾಗಿ ವಿಮಾ ಕಂಪನಿಯ ಕಚೇರಿಗೇ ಕೊಟ್ಟು, ದಿನಾಂಕವಿರುವ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕಂಪನಿ ಸ್ಪಂದಿಸದಿದ್ದರೆ 155255ಕ್ಕೆ ಕರೆ ಮಾಡಿ ಐಆರ್‌ಡಿಎಐನ ದೂರು ವ್ಯವಸ್ಥೆಯಾದ ಬಿಮಾ ಭರೋಸಾದಲ್ಲಿ ದೂರು ದಾಖಲಿಸಬಹುದು, ಗ್ರಾಹಕರ ದೂರು ವಿಚಾರಿಸುವ ವಿಮಾ ಓಂಬುಡ್ಸ್‌ಮನ್ ಕಚೇರಿ ಬೆಂಗಳೂರಿನಲ್ಲೇ ಇದೆ. ವಿಮಾ ಕಂಪನಿಯಿಂದ ಪರಿಶೀಲನೆಯ ಕರೆ ಬಂದಾಗ ಕಂತು ಎಷ್ಟು ವರ್ಷ ಎಂದು ನೀವೇ ತಿರುಗಿ ಕೇಳಿ. ಮಗನ ಹಾಗೆ ಎನ್ನುವವನನ್ನು ಗೇಟಿನ ಹೊರಗೇ ನಿಲ್ಲಿಸಿ.

ಸ್ಟಾಂಪ್ ಶುಲ್ಕ ಮತ್ತು ವಿಮೆ ಜಾರಿಯಲ್ಲಿದ್ದ ದಿನಗಳ ಖರ್ಚು ಕಳೆದು ನನ್ನ ಹಣ ಮರಳಿ ಬಂದಿದೆ. ಮನೆಗೆ ನುಗ್ಗಿದ್ದು, ಮಗಳಿಗೆ ಖಾತೆಯ ಮೊತ್ತ ಹೇಳಿದ್ದು, ಇವುಗಳ ಬಗ್ಗೆ ಬ್ಯಾಂಕಿಗೆ ಕೊಟ್ಟ ಲಿಖಿತ ದೂರಿಗೆ ಮಾತ್ರ ಇನ್ನೂ ಉತ್ತರವಿಲ್ಲ. 30 ದಿನ ತುಂಬಿದ ಕೂಡಲೇ ಅದನ್ನು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಕಳುಹಿಸುತ್ತೇನೆ.