ಜಾಕ್ಸನ್‌ನಿಂದ ನ್ಯಾಚೆಜ್‌ಗೆ ಒಂದು ದಿನದ ಕಾರು ಪ್ರವಾಸ: ರಾಡ್ನಿ ದಾರಿಗೆ ಇಳಿಯಬೇಡಿ
ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಜಾಕ್ಸನ್‌ನಿಂದ ನ್ಯಾಚೆಜ್ ನೋಡಲು ಹೊರಟಿದ್ದ ನಮ್ಮವರ ಬಾಡಿಗೆ ಕಾರೊಂದು ನವೆಂಬರ್‌ನಲ್ಲಿ ರಾಡ್ನಿ ಎಂಬ ಬರಿದಾದ ಹಳೆಯ ಊರಿನ ಮಣ್ಣು ರಸ್ತೆಯಲ್ಲಿ ಹೂತುಹೋಯಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಹೊರಗೆ ಎಳೆಸುವಷ್ಟರಲ್ಲಿ ಕತ್ತಲಾಗಿತ್ತು. ಎಳೆಸಿದ ಖರ್ಚು, ಮುಂಬದಿ ಬಂಪರ್ ಒಡೆದ ಖರ್ಚು ಎರಡೂ ಅವರ ತಲೆಗೇ ಬಂತು. ಡಾಂಬರು ಬಿಟ್ಟು ಇಳಿದರೆ ವಿಮೆ ಅನ್ವಯಿಸುವುದಿಲ್ಲ ಎಂಬ ಸಾಲು ಒಪ್ಪಂದದಲ್ಲೇ ಇತ್ತು. ಬಹಳಷ್ಟು ಬಾಡಿಗೆ ಒಪ್ಪಂದಗಳಲ್ಲಿ ಈ ಸಾಲು ಇರುತ್ತದೆ, ಕೀಲಿ ತೆಗೆದುಕೊಳ್ಳುವ ಮೊದಲೇ ಹುಡುಕಿ ಓದಿ.

ಅವರು ಹಾಕಿಕೊಂಡಿದ್ದ ಪ್ಲಾನನ್ನೇ ಎಲ್ಲರೂ ಹಾಕಿಕೊಳ್ಳುವಂತಿದೆ: ನ್ಯಾಚೆಜ್ ಟ್ರೇಸ್ ಪಾರ್ಕ್‌ವೇ ಹಿಡಿದು ಪೋರ್ಟ್ ಗಿಬ್ಸನ್, ಅಲ್ಲಿಂದ ಸುಟ್ಟುಹೋದ ವಿಂಡ್ಸರ್ ಬಂಗಲೆಯ ಕಂಬಗಳು, ರಾಡ್ನಿ, ಕೊನೆಗೆ ನ್ಯಾಚೆಜ್. ನಕ್ಷೆಯಲ್ಲಿ ಎಲ್ಲವೂ ಒಂದರ ಪಕ್ಕ ಒಂದು. ದಾರಿಯ ಮೇಲೆ ಹಾಗಲ್ಲ.

ಮೊದಲು ಪಾರ್ಕ್‌ವೇ ವಿಷಯ. ಒಟ್ಟು 444 ಮೈಲಿಯ ಈ ರಸ್ತೆಯ ಮೈಲಿಗಲ್ಲು ನ್ಯಾಚೆಜ್‌ನಲ್ಲಿ ಸೊನ್ನೆಯಿಂದ ಶುರುವಾಗುತ್ತದೆ. ಜಾಕ್ಸನ್ ಪಕ್ಕದ ಕ್ಲಿಂಟನ್‌ನಲ್ಲಿ ಹತ್ತಿದರೆ ಸುಮಾರು 87ನೇ ಮೈಲಿ. ವೇಗದ ಮಿತಿ ಗಂಟೆಗೆ 50 ಮೈಲಿ, ಅಂದರೆ 80 ಕಿ.ಮೀ. ಎಲ್ಲೂ ನಿಲ್ಲಿಸದೆ ಹೋದರೂ ನ್ಯಾಚೆಜ್‌ಗೆ ಒಂದೂಮುಕ್ಕಾಲು ಗಂಟೆ ಬೇಕು. ಲಾರಿ ಇಲ್ಲ, ಸಿಗ್ನಲ್ ಕಂಬ ಇಲ್ಲ, ಜಾಹೀರಾತು ಫಲಕವೂ ಇಲ್ಲ. ಹಾಗಾಗಿ ಗೊತ್ತಿಲ್ಲದೆ ಕಾಲು ಒತ್ತುತ್ತದೆ, ಮುಳ್ಳು 65ಕ್ಕೆ ಹೋಗಿರುತ್ತದೆ. ಇದು ರಾಷ್ಟ್ರೀಯ ಉದ್ಯಾನ ಸೇವೆಯ ರಸ್ತೆ. ಹಿಡಿಯುವವರು ಕೇಂದ್ರ ಸರ್ಕಾರದ ರೇಂಜರ್‌ಗಳು, ಚೀಟಿ ಹೋಗುವುದು ಫೆಡರಲ್ ನ್ಯಾಯಾಲಯಕ್ಕೆ. ವೀಸಾ ಮೇಲಿರುವವರು ಇದನ್ನು ಊರಿನ ಪೊಲೀಸ್ ದಂಡದಂತೆ ತಿಳಿದು ಮರೆತುಬಿಡಬಾರದು, ಗಡುವಿನೊಳಗೆ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಪಾರ್ಕ್‌ವೇ ಮೇಲೆ ಗ್ಯಾಸ್ ಸ್ಟೇಷನ್ ಒಂದೂ ಇಲ್ಲ. ಕ್ಲಿಂಟನ್‌ನಲ್ಲೇ ಟ್ಯಾಂಕ್ ತುಂಬಿಸಿ. ಏನಾದರೂ ಆಗಿ 911ಕ್ಕೆ ಫೋನ್ ಮಾಡಬೇಕಾದರೆ ಕೊನೆಯದಾಗಿ ಕಂಡ ಮೈಲಿಗಲ್ಲಿನ ಸಂಖ್ಯೆ ಹೇಳಿ. ಆ ಕಾಡಿನಲ್ಲಿ ಅದಕ್ಕಿಂತ ಒಳ್ಳೆಯ ವಿಳಾಸ ಇಲ್ಲ.

ಕಾರು ಯಾಕೆ ಹೂತಿತು ಎಂಬುದು ತಿಳಿಯಬೇಕಾದರೆ 54.8ನೇ ಮೈಲಿಯ ರಾಕಿ ಸ್ಪ್ರಿಂಗ್ಸ್‌ನಲ್ಲಿ ಇಳಿದು ನೋಡಬೇಕು. 1860ರಲ್ಲಿ ಈ ಸುತ್ತಿನಲ್ಲಿ 2,616 ಜನ ಇದ್ದರು. ಈಗ ಒಂದು ಚರ್ಚು, ಸ್ಮಶಾನ, ತುಕ್ಕು ಹಿಡಿದ ತಿಜೋರಿ ಉಳಿದಿವೆ. ಅಂತರ್ಯುದ್ಧ, ಹಳದಿ ಜ್ವರ, ಹತ್ತಿಗೆ ಬಿದ್ದ ಹುಳ ಇವುಗಳ ಜೊತೆ ಊರನ್ನು ಮುಗಿಸಿದ್ದು ಮಣ್ಣಿನ ಕೊಚ್ಚಣೆ. ಇದು ಲೋಯೆಸ್ ಎಂಬ ಮಣ್ಣು. ಹಿಮಯುಗದಲ್ಲಿ ಗಾಳಿ ಹೊತ್ತು ತಂದು ಸುರಿದದ್ದು, ರಾಗಿ ಹಿಟ್ಟಿನಷ್ಟು ನುಣುಪು. ಒಣಗಿದ್ದಾಗ ಕಡಿದ ದಂಡೆ ನೆಟ್ಟಗೆ ನಿಲ್ಲುತ್ತದೆ, ನೀರು ಕುಡಿದರೆ ಜಾರಿ ಹರಿಯುತ್ತದೆ. 41.5ನೇ ಮೈಲಿಯ ಸಂಕನ್ ಟ್ರೇಸ್‌ನಲ್ಲಿ ಹಳೆಯ ಕಾಲುದಾರಿ ಸವೆದು ಆಳಕ್ಕಿಳಿದು, ಎರಡೂ ಬದಿಯ ದಂಡೆ ಆಳೆತ್ತರ ಮೀರಿ ನಿಂತಿದೆ. ಮರದ ಬೇರುಗಳು ದಂಡೆಯಿಂದ ಹೊರಗೆ ಜೋತುಬಿದ್ದಿರುವುದನ್ನು ಮುಟ್ಟಿ ನೋಡಬಹುದು.

ರಾಡ್ನಿಗೆ ಹೋಗುವ ಕಚ್ಚಾ ದಾರಿಯೂ ಇದೇ ಮಣ್ಣಿನದು. ಒಂದೇ ಕಾರಿನ ಅಗಲ, ತಿರುಗಿಸಲು ಜಾಗವಿಲ್ಲ. ಮಳೆ ಬಿದ್ದು ಎರಡು ಮೂರು ದಿನವಾದರೂ ಮರದ ನೆರಳಿನಲ್ಲಿ ಒಣಗಿರುವುದಿಲ್ಲ. ಟೈರಿನ ಗೀರುಗಳಲ್ಲಿ ಮಣ್ಣು ತುಂಬಿಕೊಂಡರೆ ಚಕ್ರ ಸುಮ್ಮನೆ ಸುತ್ತುತ್ತದೆ, ಕಾರು ಗಾಲಿ ಜಾಡಿನೊಳಗೆ ಕೂರುತ್ತದೆ, ಕೆಳಭಾಗ ನೆಲಕ್ಕೆ ತಾಗುತ್ತದೆ. ಫೋನಿನ ನಕ್ಷೆ ಇದನ್ನೆಲ್ಲ ಲೆಕ್ಕಿಸದೆ ಹತ್ತಿರದ ದಾರಿ ಎಂದು ತೋರಿಸುತ್ತದೆ. ಡಾಂಬರು ಮುಗಿಯುವಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆಯಿರಿ, ಬೂಟಿಗೆ ಮಣ್ಣು ಅಂಟಿದರೆ ಅಲ್ಲಿಂದಲೇ ಹಿಂದಿರುಗಿ. ಆಗಲೇ ಹೂತಿದ್ದರೆ ಆಕ್ಸಿಲರೇಟರ್ ತುಳಿಯಬೇಡಿ, ತುಳಿದಷ್ಟೂ ಗುಂಡಿ ಆಳವಾಗುತ್ತದೆ. ಸ್ಟಿಯರಿಂಗ್ ನೇರ ಮಾಡಿ, ಮುಂದಿನ ಚಕ್ರಗಳ ಹಿಂದೆ ನೆಲಹಾಸು ತುರುಕಿ, ಬಂದ ಜಾಡಿನಲ್ಲೇ ನಿಧಾನಕ್ಕೆ ರಿವರ್ಸ್ ಬನ್ನಿ. ಸೆಡಾನ್‌ಗಳಲ್ಲಿ ಹೆಚ್ಚಿನವು ಮುಂದಿನ ಚಕ್ರದ ಎಳೆತದವು, ಆದ್ದರಿಂದ ಹಾಸು ಹಿಂದಿನ ಚಕ್ರಕ್ಕೆ ಹಾಕಿ ಪ್ರಯೋಜನವಿಲ್ಲ.

ರಾಡ್ನಿ ಒಂದು ಕಾಲದ ನದಿ ಬಂದರು. ಮಿಸಿಸಿಪ್ಪಿ ನದಿ ಪಾತ್ರ ಬದಲಿಸಿ ದೂರ ಸರಿದ ಮೇಲೆ ಊರು ಬರಿದಾಯಿತು. ಇಟ್ಟಿಗೆ ಚರ್ಚಿನ ಮುಂಗೋಡೆಯಲ್ಲಿ ಕಾಣುವ ಫಿರಂಗಿ ಗುಂಡು ಕೂಡ ಈಗ ಪ್ರತಿಕೃತಿ. ನೋಡುವಂಥ ಊರು ನಿಜ, ಆದರೆ ಒಣಹವೆಯಲ್ಲಿ, ಎತ್ತರದ ಸ್ವಂತ ಗಾಡಿಯಲ್ಲಿ. ಬಾಡಿಗೆ ಕಾರಿನವರು ಬದಲಿಗೆ ವಿಂಡ್ಸರ್ ನೋಡಿಕೊಂಡು ಆಲ್ಕಾರ್ನ್ ವಿಶ್ವವಿದ್ಯಾಲಯಕ್ಕೆ ಹೋಗಿ, ಪೂರ್ತಿ ಡಾಂಬರು ದಾರಿ. ವಿಂಡ್ಸರ್ ಬಂಗಲೆ 1890ರಲ್ಲಿ ಸುಟ್ಟು 23 ಕಂಬ ಉಳಿದವು. ಅಲ್ಲಿನ ಕಬ್ಬಿಣದ ಮೆಟ್ಟಿಲು ಈಗ ಆಲ್ಕಾರ್ನ್‌ನ ಓಕ್‌ಲ್ಯಾಂಡ್ ಚಾಪೆಲ್‌ಗೆ ಸೇರಿದೆ. ಎರಡನ್ನೂ ಒಟ್ಟಿಗೆ ನೋಡಿದರೇ ಆ ಮನೆಯ ಅಳತೆ ಮನಸ್ಸಿಗೆ ಬರುವುದು. ಬೇಸಿಗೆಯಲ್ಲಿ ಹುಲ್ಲಿಗೆ ಇಳಿಯುವ ಮುನ್ನ ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಉಣ್ಣೆಹುಳ ಹತ್ತುತ್ತದೆ.

ಇನ್ನು ಸರದಿ. ನ್ಯಾಚೆಜ್ ಕೊನೆಗಿರಲಿ ಎನ್ನುವುದೇ ತಪ್ಪು ಲೆಕ್ಕ. ಲಾಂಗ್‌ವುಡ್, ಮೆಲ್‌ರೋಸ್‌ನಂಥ ಹಳೆಯ ಧಣಿಗಳ ಬಂಗಲೆಗಳೊಳಗೆ ಹೋಗಲು ಗೊತ್ತಾದ ವೇಳೆಯ ಟಿಕೆಟ್ ಬೇಕು, ಸಂಜೆ ಮುಟ್ಟಿದವರಿಗೆ ಗೇಟು ಮಾತ್ರ. ಬೆಳಿಗ್ಗೆ 7ಕ್ಕೆ ಹೊರಟು ಟ್ರೇಸ್ ಮೇಲಿನ ಎರಡು ತಾಣ ನೋಡಿ 10ರೊಳಗೆ ನ್ಯಾಚೆಜ್ ಸೇರಿ. ಈ ಬಂಗಲೆಗಳು ಯಾರ ದುಡಿಮೆಯ ಮೇಲೆ ಎದ್ದವು ಎಂಬುದು ಫೋರ್ಕ್ಸ್ ಆಫ್ ದ ರೋಡ್‌ನಲ್ಲಿ ತಿಳಿಯುತ್ತದೆ. ಅದು ಗುಲಾಮರನ್ನು ಮಾರುತ್ತಿದ್ದ ಸಂತೆಯ ಜಾಗ. ಬಯಲಿನಲ್ಲಿದೆ, ಟಿಕೆಟ್ ಇಲ್ಲ, ಇದನ್ನು ಬಿಟ್ಟು ಬರಬೇಡಿ. 1:30ಕ್ಕೆ ಹೆದ್ದಾರಿ 61 ಹಿಡಿದು ಪೋರ್ಟ್ ಗಿಬ್ಸನ್ ಕಡೆ ಹೊರಟರೆ ವಿಂಡ್ಸರ್ ಬೆಳಕಿನಲ್ಲೇ ಸಿಗುತ್ತದೆ. ನವೆಂಬರ್ ಕೊನೆಗೆ ಸಂಜೆ 5ಕ್ಕೇ ಸೂರ್ಯ ಮುಳುಗುತ್ತಾನೆ. ಆಮೇಲೆ ಟ್ರೇಸ್ ಮೇಲೆ ಜಿಂಕೆಗಳ ಕಾಟ, ಬೀದಿದೀಪವೂ ಇಲ್ಲ. ವಾಪಸು ಬರುವಾಗ 61ರಲ್ಲೇ ವಿಕ್ಸ್‌ಬರ್ಗ್, ಅಲ್ಲಿಂದ ಅಂತರರಾಜ್ಯ ಹೆದ್ದಾರಿ 20.

ಊಟಕ್ಕೆ ಬುತ್ತಿ ಕಟ್ಟಿಕೊಳ್ಳಿ. ಈ ಊರುಗಳಲ್ಲಿ ಭಾನುವಾರ, ಸೋಮವಾರ ಹಲವು ಹೋಟೆಲುಗಳಿಗೆ ಬೀಗ. ತೆರೆದಿದ್ದರೂ ‘ವೆಜಿಟೇಬಲ್ ಪ್ಲೇಟ್’ ಎಂಬ ಹೆಸರು ನಂಬಿ ಕೂರಬೇಡಿ. ಹುರುಳಿಕಾಯಿ, ಕೊಲಾರ್ಡ್ ಸೊಪ್ಪು, ಬೇಯಿಸಿದ ಕಾಳು ಮೂರಕ್ಕೂ ಹಂದಿಮಾಂಸದ ತುಂಡು ಹಾಕುವುದು ಇಲ್ಲಿನ ವಾಡಿಕೆ, ಆಲೂ ಫ್ರೈ ಕರಿಯುವುದು ಮೀನು ಕರಿದ ಎಣ್ಣೆಯಲ್ಲೇ ಇರಬಹುದು. ‘ಮಾಂಸ ಇದೆಯಾ’ ಎಂದರೆ ಇಲ್ಲ ಎನ್ನಬಹುದು. ‘ಹ್ಯಾಮ್, ಬೇಕನ್ ಹಾಕಿ ಬೇಯಿಸಿದ್ದೀರಾ’ ಎಂದು ಬಿಡಿಸಿ ಕೇಳಿ. ಚಪಾತಿ, ಪುಳಿಯೋಗರೆ ಹಾಗೇ ಬರುತ್ತವೆ, ಮೊಸರನ್ನಕ್ಕೆ ಐಸ್ ಡಬ್ಬಿ ಬೇಕು.