ಹೊಳೆ ಬಂಡೆ ಮೇಲೆ ಗಾಳ ಹಾಕುವವರು ಬೆನ್ನ ಹಿಂದೆಯೂ ನೋಡಿಕೊಳ್ಳಿ

ಮಳೆಗಾಲದಲ್ಲಿ ಆನೆಗುಂದಿ, ಸಾಣಾಪುರ ಕಡೆ ತುಂಗಭದ್ರೆಯ ಬಂಡೆ ಹತ್ತಿ ಮೀನು ಹಿಡಿಯುವವರಿಗೆ ಇದನ್ನು ಬರೆಯುತ್ತಿದ್ದೇನೆ. ಅಲ್ಲಿ ನಮ್ಮ ಭಾವ ಸಾಯುವುದೊಂದು ಬಾಕಿ ಇತ್ತು. ಅವರನ್ನು ಹಿಡಿಯಲು ಹಾರಿದ ನನ್ನ ತಮ್ಮನೂ ಅಷ್ಟೇ.

ಆವತ್ತು ಗಂಗಾವತಿ ಕಡೆ ಒಂದು ಹನಿ ಮಳೆ ಇರಲಿಲ್ಲ, ಸುಡು ಬಿಸಿಲು. ದಂಡೆಯಿಂದ ಬಂಡೆಗೆ ಮೊಣಕಾಲುದ್ದ ನೀರು. ಲುಂಗಿ ಎತ್ತಿ ಕಟ್ಟಿ ದಾಟಿದ್ದೆವು. ಮೀನು ಚೆನ್ನಾಗಿ ಕಚ್ಚುತ್ತಿದ್ದವು, ಎಲ್ಲರ ಕಣ್ಣೂ ಗಾಳದ ಮೇಲೆ. ತಿರುಗಿ ನೋಡುವಷ್ಟರಲ್ಲಿ ದಾಟಿ ಬಂದ ಜಾಗದಲ್ಲಿ ಸೊಂಟದ ಮಟ್ಟ ನೀರು. ಕೆಂಪಗೆ, ಸೆಳವು ಬೇರೆ. ಒಂದು ಸದ್ದೂ ಇಲ್ಲ.

ಬಿಸಿಲಿದ್ದರೆ ಹೊಳೆ ಏರಲ್ಲ ಅನ್ನುವವರು ನಮ್ಮ ಕಡೆ ಇನ್ನೂ ಇದ್ದಾರೆ. ನಮ್ಮ ಹೊಳೆಗೆ ನೀರು ಬರುವುದು ಶಿವಮೊಗ್ಗ, ಚಿಕ್ಕಮಗಳೂರಿನ ಮಳೆಯಿಂದ. ಅಲ್ಲಿ ಸುರಿದರೆ ನಮಗಿಂತ ಮೇಲಿರುವ ಹೊಸಪೇಟೆಯ ತುಂಗಭದ್ರಾ ಡ್ಯಾಂ ತುಂಬುತ್ತೆ, ಗೇಟ್ ಎತ್ತುತ್ತಾರೆ. ಟಿವಿಯಲ್ಲಿ 50 ಸಾವಿರ ಕ್ಯೂಸೆಕ್ ಅಂದಾಗ ಸುಮ್ನೆ ಕೇಳಿ ಬಿಡುತ್ತೇವೆ, ಅಲ್ವಾ? ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 50 ಸಾವಿರಕ್ಕೆ ಲೆಕ್ಕ ಹಾಕಿದರೆ ಸೆಕೆಂಡಿಗೆ 14 ಲಕ್ಷ ಲೀಟರ್ ದಾಟುತ್ತೆ. ಇನ್ನು 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಚೈನ್ ಕಡಿದು ಗೇಟೇ ಕೊಚ್ಚಿಕೊಂಡು ಹೋಯಿತು. ಆ ನೀರು ಯಾರಿಗೂ ಹೇಳಿ ಬರಲಿಲ್ಲ. ನನ್ನ ಪ್ರಕಾರ ಆನೆಗುಂದಿ ಹತ್ತಿರ ಹೊಳೆ ನಡುವಿನ ನಡುಗಡ್ಡೆ ನವಬೃಂದಾವನಕ್ಕೆ ದೋಣಿ ನಿಲ್ಲಿಸಿದ್ದಾರೆ ಅಂದರೆ ಗಾಳ ಮನೆಯಲ್ಲೇ ಇರಲಿ.

ಭಾವ "ಇನ್ನೂ ಏರೋದ್ರೊಳಗ ದಾಟೋಣ" ಅಂತ ಇಳಿದರು. ಬಂಡೆಯ ಪಾಚಿ ಮೇಲೆ ಕಾಲಿಟ್ಟಿದ್ದೇ ತಡ, ಜಾರಿದರು. ಬಂಡೆಗಳ ಸಂದಿಯಲ್ಲಿ ಮಡು ಇರುತ್ತೆ, ಸುಳಿ ಇರುತ್ತೆ. ಈಜು ಬಂದರೂ ಅಲ್ಲಿ ಕೈ ಆಡಲ್ಲ. ತಮ್ಮ ಹಾರಿದ. ದಂಡೆಯಿಂದ ಹರಿಗೋಲಿನವರೊಬ್ಬರು "ತಮ್ಮಾ, ಹಾರಬ್ಯಾಡ!" ಅಂತ ಕೂಗುವಷ್ಟರಲ್ಲಿ ಭಾವ ಅವನ ಕುತ್ತಿಗೆ ತಬ್ಬಿಬಿಟ್ಟಿದ್ದರು. ಮುಳುಗುವವರು ಹಾಗೇ ಮಾಡುತ್ತಾರೆ, ಅದು ಅವರ ಕೈಯಲ್ಲಿ ಇರಲ್ಲ. ಇಬ್ಬರನ್ನೂ ಉಳಿಸಿದ್ದು ಆ ಹರಿಗೋಲಿನವರು ಎಸೆದ ಹಗ್ಗ. ಅದರ ತುದಿಗೆ ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನ್ ಕಟ್ಟಿತ್ತು. ಬುಟ್ಟಿ, ಎರೆಹುಳು ಎಲ್ಲಾ ನೆನಪಿಟ್ಟು ಒಯ್ಯುತ್ತೇವೆ. ಅಂಥ ಕ್ಯಾನ್ ಒಂದನ್ನು ಒಯ್ಯುವುದು ಏನು ಭಾರ? ಲೈಫ್ ಜಾಕೆಟ್ ಇದ್ದರಂತೂ ಇನ್ನೂ ಒಳ್ಳೆಯದು. ಸಿಕ್ಕಿಕೊಂಡರೆ ದಾಟಲು ಹೋಗಬೇಡಿ. ಬಂಡೆಯ ತುದಿ ಹತ್ತಿ ಕೂತು 112ಕ್ಕೆ ಫೋನ್ ಮಾಡಿ.

ಭಾವ ಕೆಮ್ಮುತ್ತಲೇ "ನಂಗೇನೂ ಆಗಿಲ್ಲ" ಅಂತ ಮನೆಗೆ ಬಂದರು. ರಾತ್ರಿ ಉಸಿರಾಡಲು ಕಷ್ಟವಾಯಿತು. ಆಸ್ಪತ್ರೆಗೆ ಒಯ್ದು ಆಕ್ಸಿಜನ್ ಹಾಕಿಸಬೇಕಾಯಿತು. ನೀರು ಶ್ವಾಸಕೋಶಕ್ಕೆ ಹೋಗಿದ್ದರೆ ತೊಂದರೆ ಕೆಲವು ಗಂಟೆ ಬಿಟ್ಟು ಕಾಣಿಸಬಹುದು. ನೀರು ಕುಡಿದು ಕೆಮ್ಮುತ್ತಿರುವವರನ್ನು ಸೀದಾ ಡಾಕ್ಟರ ಹತ್ತಿರ ಕರೆದೊಯ್ಯಿರಿ.

ದಂಡೆಯಲ್ಲಿ ಸೇರಿದ್ದವರು ಕೊಟ್ಟ ಸಲಹೆ ಕೇಳಿ ನನಗೆ ಈಗಲೂ ಸಿಟ್ಟು ಬರುತ್ತೆ. ಒಬ್ಬರು ಹೊಟ್ಟೆ ಒತ್ತಿ ನೀರು ತೆಗೆಯಿರಿ ಅಂದರು, ಇನ್ನೊಬ್ಬರು ತಲೆಕೆಳಗು ಮಾಡಿ ತಿರುಗಿಸಿ ಅಂದರು. ಮತ್ತೊಬ್ಬರು ಉಪ್ಪು ತರಿಸಲು ಹೊರಟಿದ್ದರು. 2022ರಲ್ಲಿ ಬಳ್ಳಾರಿ ತಾಲ್ಲೂಕಿನ ಒಂದು ಊರಿನಲ್ಲಿ, ನೀರಿಗೆ ಬಿದ್ದು ಸತ್ತ ಹುಡುಗ ಎದ್ದು ಬರುತ್ತಾನೆಂದು ಮೊಬೈಲ್ ಸಂದೇಶ ನಂಬಿ ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಮಲಗಿಸಿದ್ದರು. ಪಾಪ, ಹೆತ್ತವರ ಸಂಕಟ ಅದು. ಆದರೆ ಆ ಸಂದೇಶ ಇವತ್ತಿಗೂ ಓಡಾಡುತ್ತಿದೆ, ನಿಮಗೆ ಬಂದರೆ ಅಳಿಸಿಬಿಡಿ. ಉಸಿರು ನಿಂತಿದ್ದರೆ ಅಂಗಾತ ಮಲಗಿಸಿ, ಗೊತ್ತಿದ್ದವರು ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಎದೆಯ ನಡುವೆ ಎರಡೂ ಕೈಯಿಂದ ಜೋರಾಗಿ, ಬೇಗಬೇಗ ಒತ್ತುತ್ತಾ ಇರಿ. ಜೊತೆಯಲ್ಲಿರುವವರು 108ಕ್ಕೆ ಫೋನ್ ಮಾಡಲಿ. ಆಂಬುಲೆನ್ಸ್ ಬರುವವರೆಗೂ ಒತ್ತುವುದನ್ನು ನಿಲ್ಲಿಸಬೇಡಿ.