ವರ್ಷದ ಮೆಚ್ಚಿನ ಪಾಪ್ ಹಾಡುಗಳು: ಸ್ಟ್ರೀಮಿಂಗೋ, ಫೈಲೋ, ವಿನೈಲೋ?

ಈ ವರ್ಷ ಮನಸ್ಸಿಗೆ ಹಿಡಿಸಿದ ಹಾಡುಗಳನ್ನು ಎಲ್ಲಿ ಕೂಡಿಡುವುದು ಎಂಬ ಪ್ರಶ್ನೆಗೆ ಮೊದಲ ಅಳತೆ ಬಾಳಿಕೆ. ಸ್ಟ್ರೀಮಿಂಗ್ ಪ್ಲೇಲಿಸ್ಟಿನಲ್ಲಿ ನಿಮಗಿರುವುದು ಕೇಳುವ ಅನುಮತಿ ಅಷ್ಟೇ. ಪರವಾನಗಿ ಮುಗಿದರೆ ಹಾಡು ಪಟ್ಟಿಯಿಂದ ಜಾರಿಹೋಗುತ್ತದೆ. ಕಲಾವಿದರು ಹೊಸ ಮಿಕ್ಸ್ ಹಾಕಿದರೆ ನೀವು ಮೆಚ್ಚಿದ ಹಳೆಯದು ಸದ್ದಿಲ್ಲದೆ ಮಾಯವಾಗಬಹುದು. ಅಭಿಮಾನಿಗೆ ಇದು ನಿಜಕ್ಕೂ ನೋವಿನ ವಿಷಯ. ಸ್ಪಾಟಿಫೈನಲ್ಲಿ ಡೌನ್‌ಲೋಡ್ ಮಾಡಿಟ್ಟದ್ದನ್ನು ಉಳಿಸಿಕೊಳ್ಳಲೂ 30 ದಿನಕ್ಕೊಮ್ಮೆಯಾದರೂ ಆನ್‌ಲೈನ್‌ಗೆ ಬರಬೇಕು.

ಕೊಂಡ ಫೈಲು ಉಳಿಯುತ್ತದೆ, ಎರಡು ಕಡೆ ಬ್ಯಾಕಪ್ ಇದ್ದರೆ. 320 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ಗುಣಮಟ್ಟದ ಎಂಪಿ3 ಆದರೆ ನಾಲ್ಕು ನಿಮಿಷದ ಹಾಡಿಗೆ ಸುಮಾರು 10 ಎಂಬಿ, ನೂರು ಹಾಡಿಗೆ 1 ಜಿಬಿ. ವಿನೈಲನ್ನು, ಅಂದರೆ ಸೂಜಿಯಿಟ್ಟು ನುಡಿಸುವ ಹಾಡಿನ ತಟ್ಟೆಯನ್ನು, ನೆಟ್ಟಗೆ ನಿಲ್ಲಿಸಿಟ್ಟರೆ ದಶಕಗಟ್ಟಲೆ ಬಾಳುತ್ತದೆ. ಒಂದರ ಮೇಲೊಂದು ಪೇರಿಸಿದರೆ, ಬಿಸಿಲಿಗಿಟ್ಟರೆ ಬಾಗುತ್ತದೆ.

ಖರ್ಚಿನಲ್ಲಿ ವಿನೈಲೇ ಭಾರ: ಪ್ಲೇಯರ್, ಸವೆಯುವ ಸೂಜಿ, ಡಿಸ್ಕು. ಸ್ಟ್ರೀಮಿಂಗ್‌ಗೆ ತಿಂಗಳ ಚಂದಾ ನಿಲ್ಲುವುದೇ ಇಲ್ಲ. ಫೈಲಿಗೆ ಒಮ್ಮೆ ಕೊಟ್ಟರೆ ಸಾಕು.

ವಾರವಾರ ಹೊಸ ಟ್ರೆಂಡ್ ಹಿಂದೆ ಓಡುವವರಿಗೆ ಸ್ಟ್ರೀಮಿಂಗ್ ಸರಿ. ಬಿಡಿಬಿಡಿ ಸಿಂಗಲ್‌ಗಳ ಪಟ್ಟಿಯನ್ನು ಹತ್ತು ವರ್ಷದ ನಂತರವೂ ಹಾಗೆಯೇ ಕೇಳಬೇಕೆಂದರೆ ಫೈಲು. ಡಿಸ್ಕಿನ ಒಂದೊಂದು ಬದಿಗೆ ಸುಮಾರು 22 ನಿಮಿಷದಂತೆ ಇಡೀ ಆಲ್ಬಮ್ಮನ್ನು ಕೂತು ಕೇಳುವವರಿಗೆ ಮಾತ್ರ ವಿನೈಲ್ ಹೊಂದುತ್ತದೆ.